ಸಿಟೀಸ್ ಸ್ಕೈಲೈನ್ಸ್ 2: ಎಲ್ಲಿ ಕೈಕೊಟ್ಟಿತು, ಯಾಕೆ ಕೈಕೊಟ್ಟಿತು, ಈಗ ಆಡಬಹುದಾ?

ಹಳೇ ಮೇಯರ್

ಊರು ಕಟ್ಟುವ ಆಟ ಸಿಟೀಸ್ ಸ್ಕೈಲೈನ್ಸ್ 2 ಪಿಸಿಗೆ ಬಂದದ್ದು 2023ರ ಅಕ್ಟೋಬರ್ 24ಕ್ಕೆ. 2015ರಲ್ಲಿ ಬಂದ ಮೊದಲ ಆಟವನ್ನು ವರ್ಷಗಟ್ಟಲೆ ಆಡಿದವರೆಲ್ಲ ಕಾದು ಕೂತಿದ್ದರು. ಬಿಡುಗಡೆಗೆ ಕೆಲವೇ ದಿನ ಮುಂಚೆ ಆಟ ಮಾಡಿದ ಕೊಲೊಸಲ್ ಆರ್ಡರ್ ತಂಡವೇ "ನಾವು ಅಂದುಕೊಂಡ ಮಟ್ಟದ ಪರ್ಫಾರ್ಮೆನ್ಸ್ ಬಂದಿಲ್ಲ" ಅಂತ ಒಪ್ಪಿಕೊಂಡಿತು. ಆದರೂ ತಾರೀಖು ಮುಂದೆ ಹೋಗಲಿಲ್ಲ. ಕನ್ಸೋಲ್ ಆವೃತ್ತಿ ಮಾತ್ರ ಮುಂದಕ್ಕೆ ಹೋಯಿತು, ಆಮೇಲೆ ತಾರೀಖೇ ಇಲ್ಲದ ಹಾಗೆ ಆಯಿತು. ಕೊನೆಗೆ 2025ರ ನವೆಂಬರ್‌ನಲ್ಲಿ ಆಟದ ಪ್ರಕಾಶಕ ಪ್ಯಾರಡಾಕ್ಸ್ ಮತ್ತು ಕೊಲೊಸಲ್ ಆರ್ಡರ್ ಬೇರೆಯಾಗುತ್ತಿವೆ, 2026ರ ಆರಂಭದಿಂದ ಆಟದ ಕೆಲಸ ಐಸ್‌ಫ್ಲೇಕ್ ಸ್ಟುಡಿಯೋಸ್ ಕೈಗೆ ಹೋಗುತ್ತದೆ ಅನ್ನೋ ಪ್ರಕಟಣೆ ಬಂತು.

"ಆಟ ಹಾಳು" ಅಂತ ಒಂದು ಸಾಲು ಬರೆದು ಹೋಗೋದು ಸುಲಭ. ಇಲ್ಲಿ ಅದು ಬೇಡ. ಯಾವ ಭಾಗ ಕೆಟ್ಟಿತ್ತು, ಯಾಕೆ ಕೆಟ್ಟಿತ್ತು, ಅದರಲ್ಲಿ ಯಾವುದು ಸರಿಹೋಗಿದೆ, ಇನ್ನೂ ಕಾಟ ಕೊಡುವುದಕ್ಕೆ ಏನು ಮಾಡಬೇಕು ಅನ್ನೋದನ್ನು ಬಿಡಿಸಿ ಬರೆಯಿರಿ. ಹೊಸದಾಗಿ ಕೊಳ್ಳಬೇಕು ಅಂತಿರುವವರಿಗೂ, ಬೇಸತ್ತು ಬಿಟ್ಟು ಈಗ ವಾಪಸ್ ಬರುವವರಿಗೂ ಉಪಯೋಗಕ್ಕೆ ಬರಲಿ.

ಪಿಕ್ಸೆಲ್ ಪರೀಕ್ಷಕ

ಗ್ರಾಫಿಕ್ಸ್‌ನಿಂದ ಶುರು ಮಾಡೋಣ. ಮೊದಲ ದಿನವೇ ಜನ ಸಿಟ್ಟಾದದ್ದು ಇದಕ್ಕೆ.

ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಆಟಗಾರರೇ ಒಂದೊಂದು ಫ್ರೇಮನ್ನು ಹಿಡಿದು ನಿಲ್ಲಿಸಿ, ಅದರಲ್ಲಿ ಏನೇನು ಚಿತ್ರಿಸಲಾಗುತ್ತಿದೆ ಅಂತ ಬಿಚ್ಚಿ ನೋಡಿದರು. ರಸ್ತೆಯಲ್ಲಿ ನಡೆಯುವ ಪ್ರತಿ ಮನುಷ್ಯನ ಬಾಯೊಳಗೆ ಪೂರ್ತಿ ಹಲ್ಲಿನ ಸಾಲು ಇತ್ತು. ಬಾಯಿ ಮುಚ್ಚಿದ್ದರೂ ಸರಿ, ಕ್ಯಾಮೆರಾ ಮೋಡದ ಎತ್ತರದಲ್ಲಿದ್ದರೂ ಸರಿ, ಹಲ್ಲಿನ ಲೆಕ್ಕ ಮಾತ್ರ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಮೇಲೆ ಬೀಳುತ್ತಿತ್ತು. ಗೋದಾಮಿನ ಅಂಗಳದಲ್ಲಿ ಬಿದ್ದಿರುವ ಒಂದು ಮರದ ದಿಮ್ಮಿಗಳ ರಾಶಿಗೆ ಲಕ್ಷಕ್ಕೂ ಹೆಚ್ಚು ವರ್ಟೆಕ್ಸ್, ಅಂದರೆ ಆಕಾರವನ್ನು ಕಟ್ಟುವ ಬಿಂದುಗಳು. ಪರದೆಯ ಮೇಲೆ ಆ ರಾಶಿ ಕಾಣುವುದು ಹತ್ತಿಪ್ಪತ್ತು ಪಿಕ್ಸೆಲ್ ಅಷ್ಟೆ.

ಸಾಮಾನ್ಯವಾಗಿ ಇಂಥ ವಸ್ತುವಿಗೆ ಮೂರ್ನಾಲ್ಕು ಮಾದರಿ ಮಾಡಿಟ್ಟಿರುತ್ತಾರೆ: ಹತ್ತಿರಕ್ಕೆ ಒಂದು, ಮಧ್ಯಮ ದೂರಕ್ಕೆ ಹಗುರವಾದದ್ದು, ಬಹಳ ದೂರಕ್ಕೆ ಒಂದು ಡಬ್ಬದಂಥ ಆಕಾರ. ಇದನ್ನೇ ಎಲ್‌ಒಡಿ ಅನ್ನೋದು. ಇಲ್ಲಿ ಎಷ್ಟೋ ವಸ್ತುಗಳಿಗೆ ದೂರದ ಮಾದರಿಯೇ ಇರಲಿಲ್ಲ, ಪಾತ್ರಗಳಿಗೂ ಇರಲಿಲ್ಲ. ಜೊತೆಗೆ ಕಟ್ಟಡದ ಹಿಂದೆ ಮರೆಯಾದದ್ದನ್ನು ಬಿಟ್ಟುಬಿಡುವ ಕ್ರಮವೂ ಸರಿಯಾಗಿರಲಿಲ್ಲ. ಕಾಣದ ವಸ್ತುವನ್ನೂ ಬರೆಯೋದು, ಅದೇ ವಸ್ತುವನ್ನು ನೆರಳಿಗಾಗಿ ಮತ್ತೆ ಮತ್ತೆ ಬರೆಯೋದು. ಒಂದು ದಿಮ್ಮಿ ರಾಶಿಯ ಬೆಲೆ ಹೀಗೆ ಹಲವು ಪಟ್ಟು ಆಗುತ್ತಿತ್ತು.

ತಂಡ ಸೋಮಾರಿಯಾಗಿತ್ತು ಅಂತ ಇದರಿಂದ ಹೇಳಲಾಗದು. ಯೂನಿಟಿ ಅನ್ನೋ ಗೇಮ್ ಎಂಜಿನ್ನಿನ ಹೊಸ ಡೇಟಾ ಕೇಂದ್ರಿತ ವ್ಯವಸ್ಥೆಯ ಮೇಲೆ ಆಟ ಕಟ್ಟಿದರು. ಸಿಮ್ಯುಲೇಶನ್‌ಗೆ ಅದು ಒಳ್ಳೆಯ ಆಯ್ಕೆ. ಚಿತ್ರಿಸುವ ಕಡೆ ಅದು ಇನ್ನೂ ಪೂರ್ತಿ ಹಣ್ಣಾಗಿರಲಿಲ್ಲ, ಹಾಗಾಗಿ ಮಧ್ಯದ ಬಹಳಷ್ಟು ಭಾಗವನ್ನು ತಾವೇ ಬರೆದುಕೊಳ್ಳಬೇಕಾಯಿತು. ಅಷ್ಟು ಚಿಕ್ಕ ತಂಡಕ್ಕೆ ಆ ಕೆಲಸ ಸಮಯಕ್ಕೆ ಮುಗಿಯಲಿಲ್ಲ. ಮುಗಿಯದ್ದನ್ನು ಪೂರ್ತಿ ಬೆಲೆಗೆ ಮಾರಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಹೊಸ ನಕ್ಷೆ

ಹಾಗಾದ್ರೆ ಈಗ ಸೆಟ್ಟಿಂಗ್ಸ್‌ನಲ್ಲಿ ಏನು ಬದಲಾಯಿಸಬೇಕು? ಗ್ರಾಫಿಕ್ಸ್ ಕಾರ್ಡ್ ಮಧ್ಯಮ ದರ್ಜೆಯದ್ದು ಅಂತ ಇಟ್ಕೊಳ್ಳಿ.

ಪಿಕ್ಸೆಲ್ ಪರೀಕ್ಷಕ

@ಹೊಸ ನಕ್ಷೆ, ಮೊದಲು ತೊಂದರೆ ಗ್ರಾಫಿಕ್ಸ್ ಕಾರ್ಡಿನದ್ದೋ ಪ್ರೊಸೆಸರಿನದ್ದೋ ಅಂತ ಗುರುತಿಸಿ. ಆಟವನ್ನು ಪಾಸ್ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ. ಪಾಸ್‌ನಲ್ಲೂ ಫ್ರೇಮ್ ಅಷ್ಟೇ ಕಡಿಮೆ ಇದ್ದರೆ ಹೊರೆ ಗ್ರಾಫಿಕ್ಸ್ ಮೇಲಿದೆ. ಫ್ರೇಮ್ ಚೆನ್ನಾಗಿದ್ದು, ವೇಗ 1ರಿಂದ 3ಕ್ಕೆ ಏರಿಸಿದರೂ ಆಟದ ಗಡಿಯಾರ ಅದೇ ನಿಧಾನದಲ್ಲಿ ಓಡುತ್ತಿದ್ದರೆ ಪ್ರೊಸೆಸರ್ ಸುಸ್ತಾಗಿದೆ. ಎರಡನೆಯದಕ್ಕೆ ಗ್ರಾಫಿಕ್ಸ್ ಸೆಟ್ಟಿಂಗ್ ಎಷ್ಟು ಇಳಿಸಿದರೂ ಪ್ರಯೋಜನ ಇಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

ಗ್ರಾಫಿಕ್ಸ್ ಹೊರೆಯಾದರೆ ಈ ಕ್ರಮದಲ್ಲಿ ಹೋಗಿ, ಒಂದು ಸಲಕ್ಕೆ ಒಂದೇ ಬದಲಾಯಿಸಿ:

ಡೆಪ್ತ್ ಆಫ್ ಫೀಲ್ಡ್ ಪೂರ್ತಿ ಆಫ್. ವಾಲ್ಯೂಮೆಟ್ರಿಕ್ಸ್ ಆಫ್, ಮಂಜು ಮೋಡದ ಸೊಗಸು ಹೋಗುತ್ತದೆ, ಊರು ಕಟ್ಟೋದಕ್ಕೆ ಏನೂ ಅಡ್ಡಿಯಿಲ್ಲ. ಗ್ಲೋಬಲ್ ಇಲ್ಯುಮಿನೇಶನ್ ಒಂದು ಮೆಟ್ಟಿಲು ಕೆಳಗೆ. ಈ ಮೂರು, ಜೊತೆಗೆ ರೆಸಲ್ಯೂಶನ್ 1080ಪಿಗೆ ಇಳಿಸೋದು, ಬಿಡುಗಡೆ ಹೊತ್ತಿನಲ್ಲಿ ತಂಡವೇ ಕೊಟ್ಟ ಸಲಹೆ. ಆಮೇಲೆ ನೆರಳಿನ ಗುಣಮಟ್ಟ ಮಧ್ಯಮಕ್ಕೆ, ಮೋಷನ್ ಬ್ಲರ್ ಆಫ್. ಇಷ್ಟಕ್ಕೂ ಸಾಲದಿದ್ದರೆ ಮಾತ್ರ ಲೆವೆಲ್ ಆಫ್ ಡೀಟೇಲ್ ಕಡೆ ಹೋಗಿ, ಯಾಕೆಂದರೆ ಅದನ್ನು ತೀರಾ ಇಳಿಸಿದರೆ ಮರ ಮನೆಗಳು ಕಣ್ಣೆದುರೇ ಆಕಾರ ಬದಲಾಯಿಸುತ್ತಿರುತ್ತವೆ. ಡೈನಾಮಿಕ್ ರೆಸಲ್ಯೂಶನ್ ಕೊನೆಯ ಅಸ್ತ್ರ. ರಸ್ತೆಯ ಗೆರೆ, ಬೇಲಿ, ವಿದ್ಯುತ್ ತಂತಿಯಂಥ ತೆಳುವಾದದ್ದೆಲ್ಲ ಅದರಲ್ಲಿ ಮಸುಕಾಗುತ್ತದೆ.

ಕಂಪನಿ ಹೇಳಿದ ಕನಿಷ್ಠ ಅಗತ್ಯ ಜಿಟಿಎಕ್ಸ್ 970 ಮತ್ತು 8 ಜಿಬಿ ರ‍್ಯಾಮ್. ಶಿಫಾರಸು ಆರ್‌ಟಿಎಕ್ಸ್ 3080 ಮತ್ತು 16 ಜಿಬಿ. ಕನಿಷ್ಠದಲ್ಲಿ ಊರು ತೆರೆದುಕೊಳ್ಳುತ್ತದೆ ಅಷ್ಟೆ, ಬೆಳೆಸೋದಕ್ಕೆ ಆಗೋದಿಲ್ಲ. ಮಾಡ್ (ಆಟಗಾರರೇ ಮಾಡಿ ಹಂಚುವ ಸೇರ್ಪಡೆ) ಹಾಕುವ ಯೋಚನೆ ಇದ್ದರೆ 16 ಜಿಬಿಗಿಂತ ಕಡಿಮೆ ಬೇಡ.

ರಿಂಗ್‌ರೋಡ್

ಪ್ರೊಸೆಸರ್ ವಿಷಯಕ್ಕೆ ಸೇರಿಸುತ್ತೇನೆ. ಮೊದಲ ಆಟದಲ್ಲಿ ಒಂದೇ ಹೊತ್ತಿಗೆ ಊರಲ್ಲಿ ಓಡಾಡುವ ಜನರಿಗೆ 65,536 ಅನ್ನೋ ಗಟ್ಟಿ ಮಿತಿ ಇತ್ತು, ವಾಹನಕ್ಕೆ 16,384. ಅದಕ್ಕೇ ದೊಡ್ಡ ಊರಲ್ಲಿ ಅರ್ಧ ಜನ ಮನೆಯಲ್ಲೇ ಇರುತ್ತಿದ್ದರು, ರಸ್ತೆ ಖಾಲಿ ಕಾಣುತ್ತಿತ್ತು. ಎರಡನೆಯದರಲ್ಲಿ ಆ ಮಿತಿ ತೆಗೆದರು. ಮಿತಿ ತೆಗೆದ ಮೇಲೆ ಪ್ರೊಸೆಸರೇ ಮಿತಿ. ಜನಸಂಖ್ಯೆ ಲಕ್ಷ ದಾಟಿದ ಮೇಲೆ ಗಡಿಯಾರ ತೆವಳತೊಡಗುತ್ತದೆ ಅನ್ನೋ ದೂರು ಮೊದಲಿಂದಲೂ ಇರುವುದು ಇದರಿಂದಲೇ. ಕೋರ್ ಹೆಚ್ಚಿರುವ ಪ್ರೊಸೆಸರ್ ಇದ್ದಷ್ಟೂ ಒಳ್ಳೆಯದು, ಈ ಆಟ ಎಲ್ಲ ಕೋರ್‌ಗಳನ್ನೂ ದುಡಿಸಿಕೊಳ್ಳುತ್ತದೆ.

ಅಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ಟ್ರಾಫಿಕ್ ಲೆಕ್ಕಾಚಾರ ಮೊದಲ ಆಟಕ್ಕಿಂತ ಬಹಳ ಮುಂದಿದೆ. ಇಲ್ಲಿ ವಾಹನ ದಾರಿ ಆರಿಸುವಾಗ ಸಮಯ, ಆರಾಮ, ಹಣ, ಸ್ವಭಾವ ಈ ನಾಲ್ಕನ್ನೂ ತೂಗುತ್ತದೆ. ಪಾರ್ಕಿಂಗ್ ದುಬಾರಿಯಾದರೆ ಬಸ್ಸಿಗೆ ಹೋಗುವವರು ಹೆಚ್ಚುತ್ತಾರೆ. ಮೊದಲನೆಯದರಲ್ಲಿ ಆರು ಲೇನ್ ಇದ್ದರೂ ಎಲ್ಲ ಲಾರಿ ಒಂದೇ ಲೇನಿನಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ಕಾಟ ಇಲ್ಲಿ ಬಹುಪಾಲು ಹೋಗಿದೆ.

ಉಳಿದಿರುವ ದೊಡ್ಡ ಕಿರಿಕಿರಿ ಜಂಕ್ಷನ್‌ನಲ್ಲಿ. ಹೈವೇಯಿಂದ ಇಳಿದ ಕೂಡಲೇ ಸಿಗ್ನಲ್ ಇಟ್ಟರೆ ಎಡದ ಕೊನೆಯಿಂದ ಬಲದ ಕೊನೆಗೆ ಹೋಗಬೇಕಾದ ಕಾರು ಕೊನೇ ಗಳಿಗೆಯಲ್ಲಿ ಎಲ್ಲ ಲೇನ್ ಅಡ್ಡ ದಾಟುತ್ತದೆ, ಹಿಂದಿನವರೆಲ್ಲ ಬ್ರೇಕ್ ಹಾಕುತ್ತಾರೆ, ಸಾಲು ಹೈವೇವರೆಗೂ ಬೆಳೆಯುತ್ತದೆ. ಕಾರಣ ಸರಳ: ಲೇನ್ ಬದಲಾಯಿಸೋದಕ್ಕೆ ಎರಡು ನೋಡ್‌ಗಳ (ರಸ್ತೆ ಕೂಡುವ ಬಿಂದುಗಳ) ನಡುವೆ ಜಾಗವೇ ಇರುವುದಿಲ್ಲ. ಇಳಿಯುವ ರ‍್ಯಾಂಪ್ ಮತ್ತು ಮೊದಲ ಸಿಗ್ನಲ್ ನಡುವೆ ಸಾಕಷ್ಟು ಉದ್ದದ, ನಡುವೆ ಯಾವ ಅಡ್ಡರಸ್ತೆಯೂ ಸೇರದ ನೇರ ರಸ್ತೆ ಬಿಡಿ. 8 ಮೀಟರಿಗೆ ಒಂದು ಜೋನಿಂಗ್ ಚೌಕ (ಮನೆ ಅಂಗಡಿಗೆ ಜಾಗ ಗುರುತಿಸುವ ಚೌಕ), ಅದನ್ನೇ ಅಳತೆಗೋಲು ಮಾಡಿಕೊಳ್ಳಿ: 20 ಚೌಕ ಅಂದರೆ 160 ಮೀಟರ್. ಆ ಪಟ್ಟಿಯ ಪಕ್ಕ ಮನೆ ಅಂಗಡಿ ಜೋನ್ ಮಾಡಬೇಡಿ. ಟ್ರಾಫಿಕ್ ಅನ್ನೋ ಮಾಡ್ ಹಾಕಿದರೆ ಯಾವ ಲೇನಿಂದ ಯಾವ ಲೇನಿಗೆ ಹೋಗಬಹುದು ಅನ್ನೋದನ್ನು ಕೈಯಲ್ಲೇ ಗೆರೆ ಎಳೆದು ಕೂಡಿಸಬಹುದು. ಅಲ್ಲಿ ಒಂದು ಎಚ್ಚರಿಕೆ: ಒಂದು ಲೇನಿಗೆ ಮುಂದೆ ಹೋಗುವ ಸಂಪರ್ಕವೇ ಇಲ್ಲದ ಹಾಗೆ ಬಿಟ್ಟರೆ ಆ ದಾರಿಯನ್ನು ನಂಬಿದ ವಾಹನಗಳಿಗೆ ದಾರಿ ಸಿಗುವುದಿಲ್ಲ. ಗೆರೆ ಎಳೆದ ಮೇಲೆ ಪ್ರತಿ ಲೇನನ್ನೂ ಇನ್ನೊಮ್ಮೆ ಕ್ಲಿಕ್ ಮಾಡಿ ನೋಡಿ.

ತೆರಿಗೆ ತಕ್ಕಡಿ

ಗ್ರಾಫಿಕ್ಸ್‌ಗಿಂತ ದೊಡ್ಡ ನಿರಾಸೆ ಹಣಕಾಸಿನದ್ದು, ಅದರ ಬಗ್ಗೆ ಯಾರೂ ಸಾಕಷ್ಟು ಮಾತಾಡೋದಿಲ್ಲ. ಫ್ರೇಮ್ ಕಡಿಮೆ ಇದ್ದರೆ ಕಣ್ಣಿಗೆ ಕಾಣುತ್ತದೆ. ಲೆಕ್ಕ ಸುಳ್ಳಾದರೆ ಕಾಣೋದಕ್ಕೆ ಬಹಳ ಹೊತ್ತು ಬೇಕು.

ಬಿಡುಗಡೆಯಾದಾಗ ಬಜೆಟ್ ಪುಟದಲ್ಲಿ ಸರ್ಕಾರಿ ಸಬ್ಸಿಡಿ ಅನ್ನೋ ಸಾಲು ಇತ್ತು. ಊರು ನಷ್ಟದಲ್ಲಿದ್ದರೆ ಅದು ತಾನಾಗಿ ತುಂಬಿಕೊಡುತ್ತಿತ್ತು. ತೆರಿಗೆ ಎಷ್ಟಿಟ್ಟರೂ, ಆಸ್ಪತ್ರೆ ಎಷ್ಟು ಕಟ್ಟಿದರೂ ದಿವಾಳಿ ಆಗೋದು ಕಷ್ಟ. ಊರು ಕಟ್ಟುವ ಆಟದಲ್ಲಿ ತಪ್ಪು ನಿರ್ಧಾರಕ್ಕೆ ಬೆಲೆಯೇ ಇಲ್ಲ ಅಂದ ಮೇಲೆ ಸರಿ ನಿರ್ಧಾರಕ್ಕೂ ಬೆಲೆ ಇಲ್ಲ. ಹಳೆಯ ಆಟಗಾರರು ಇದನ್ನು ಬೇಗ ಹಿಡಿದರು. ಉತ್ಪಾದನೆ, ರಫ್ತು, ಬಾಡಿಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿವೆ ಅಂತ ಜಾಹೀರಾತಿನಲ್ಲಿ ಹೇಳಿದ್ದು ಆಟದಲ್ಲಿ ಕೂಡಿರಲಿಲ್ಲ.

2024ರ ಜೂನ್‌ನಲ್ಲಿ ಬಂದ ಎಕಾನಮಿ 2.0 ಅಪ್‌ಡೇಟ್ ಇದನ್ನು ಬುಡದಿಂದ ಬದಲಾಯಿಸಿತು. ಸಬ್ಸಿಡಿ ಹೋಯಿತು. ಕೊಂಡ ಭೂಮಿಯ ಪ್ರತಿ ಟೈಲಿಗೂ (ನಕ್ಷೆಯ ತುಂಡಿಗೂ) ನಿರ್ವಹಣಾ ಖರ್ಚು ಬಂತು. ಹೊರಗಿಂದ ಸೇವೆ ತರಿಸಿದರೆ ಶುಲ್ಕ. ಎಲ್ಲಕ್ಕಿಂತ ಮುಖ್ಯ, ಬಾಡಿಗೆ ಲೆಕ್ಕ ಬದಲಾಯಿತು: ನಡುವೆ ಇದ್ದ ಕಾಲ್ಪನಿಕ ಮನೆ ಮಾಲೀಕನನ್ನು ತೆಗೆದು, ಕಟ್ಟಡದ ಖರ್ಚನ್ನು ಅದರಲ್ಲಿರುವ ಸಂಸಾರಗಳೆಲ್ಲ ಹಂಚಿಕೊಳ್ಳುವ ಹಾಗೆ ಮಾಡಿದರು.

ಇದರ ಪರಿಣಾಮ ಹಳೆಯ ಸೇವ್‌ಗಳ ಮೇಲೆ ಜೋರಾಗಿ ಬಿತ್ತು. ಸಬ್ಸಿಡಿ ನೆಚ್ಚಿಕೊಂಡು ಕಟ್ಟಿದ ಊರು ಅಪ್‌ಡೇಟ್ ಆದ ಮೇಲೆ ತೆರೆದರೆ ಖಜಾನೆ ಇಳಿಯತೊಡಗುತ್ತದೆ. ಆಗ ಸಾಲ ಮಾಡಬೇಡಿ. ತೆರೆದ ಕೂಡಲೇ ಪಾಸ್ ಮಾಡಿ, ಸೇವೆಗಳ ಬಜೆಟ್ ಸ್ಲೈಡರ್ ಸ್ವಲ್ಪ ಇಳಿಸಿ, ಬಳಕೆಯಾಗದ ವಿಸ್ತರಣೆಗಳನ್ನು ಆಫ್ ಮಾಡಿ. ಶಾಲೆಯಲ್ಲಿ ಸೀಟು ಖಾಲಿ ಇದ್ದರೂ ಹೊಸ ವಿಂಗ್ ಕಟ್ಟಿರುವುದು ಸಾಮಾನ್ಯ. ತೆರಿಗೆಯನ್ನು ಒಂದೇ ಸಲ ಏರಿಸದೆ ಒಂದೊಂದು ಶೇಕಡಾ ಏರಿಸುತ್ತಾ, ಆಟದ ಒಂದು ತಿಂಗಳು ಬಿಟ್ಟು ಫಲ ನೋಡಿ. ಈ ಆಟದಲ್ಲಿ ಒಂದು ಹಗಲು ರಾತ್ರಿ ಸೇರಿ ಒಂದು ತಿಂಗಳ ಲೆಕ್ಕ, ಹಾಗಾಗಿ ಬಹಳ ಕಾಯಬೇಕಾಗಿಲ್ಲ.

ಹೊಸ ನಕ್ಷೆ

"ಬಾಡಿಗೆ ಜಾಸ್ತಿ" ಅಂತ ಮನೆಗಳ ಮೇಲೆ ಐಕಾನ್ ಬರುತ್ತಲ್ಲ, ಅದೂ ಇದಕ್ಕೇ ಸಂಬಂಧಾನಾ?

ತೆರಿಗೆ ತಕ್ಕಡಿ

ಹೌದು. ಅದು ಬಂದ ಕೂಡಲೇ ಆಟದಲ್ಲಿ ದೋಷ ಅಂದುಕೊಳ್ಳಬೇಡಿ. ಬೆಲೆಬಾಳುವ ಜಾಗದಲ್ಲಿ ಕಡಿಮೆ ಸಾಂದ್ರತೆಯ ದೊಡ್ಡ ಮನೆ ಇದೆ, ಒಂದೇ ಸಂಸಾರ ಅಷ್ಟೂ ಖರ್ಚು ಹೊರಬೇಕು, ಆ ಸಂಸಾರದ ಆದಾಯ ಸಾಲುತ್ತಿಲ್ಲ ಅಂತ ಅರ್ಥ. ಐಕಾನ್ ಬಂದ ಸಾಲಿನ ಮೇಲೆ ಭೂಮಿ ಬೆಲೆಯ ಇನ್ಫೋ ವ್ಯೂ ತೆರೆಯಿರಿ. ಬೆಲೆ ಏರಿದ್ದರೆ ಅಲ್ಲಿ ಮಧ್ಯಮ ಅಥವಾ ಹೆಚ್ಚು ಸಾಂದ್ರತೆಗೆ ಜೋನ್ ಬದಲಾಯಿಸಿ, ಅದೇ ಜಾಗದ ಖರ್ಚು ಹತ್ತಾರು ಸಂಸಾರಕ್ಕೆ ಹಂಚಿಹೋಗುತ್ತದೆ. ಒಂಟಿ ಮನೆಗಳೇ ಬೇಕು ಅಂದರೆ ನಿವೇಶನ ಚಿಕ್ಕದು ಮಾಡಿ. ಬೆಲೆ ಏರದೆಯೂ ಐಕಾನ್ ಬಂದಿದ್ದರೆ ಕೆಲಸದ ಕಡೆ ನೋಡಿ, ಓದಿದವರಿಗೆ ತಕ್ಕ ಉದ್ಯೋಗ ಊರಲ್ಲಿ ಇಲ್ಲದಿರಬಹುದು.

ಕಕ್ಷೆ

ಇಲ್ಲಿ ಎಲ್ಲರೂ "ಈಗ ಸರಿಹೋಯ್ತು" ಅನ್ನೋ ಧಾಟಿಯಲ್ಲಿ ಬರೀತಿದ್ದೀರಿ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಬೀಚ್ ಪ್ರಾಪರ್ಟೀಸ್ ಮರೆತುಬಿಟ್ಟಿರಾ? 2024ರ ಮಾರ್ಚ್ 25ಕ್ಕೆ, ಮೂಲ ಆಟವೇ ಕುಂಟುತ್ತಿರುವಾಗ ದುಡ್ಡಿಗೆ ಹೆಚ್ಚುವರಿ ಪ್ಯಾಕ್ ಮಾರಿದರು. ಒಂದಷ್ಟು ನೀರಂಚಿನ ಮನೆಗಳು, ಮರಗಳು ಅಷ್ಟೆ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಜನ ಅದಕ್ಕೆ ಕೊಟ್ಟ ಅಂಕ ಪಾತಾಳಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ಎರಡೂ ಕಂಪನಿ ಸೇರಿ ಕ್ಷಮಾಪಣೆ ಪತ್ರ ಬರೆದು, ಪ್ಯಾಕನ್ನು ಉಚಿತ ಮಾಡಿ, ಹಣ ವಾಪಸ್ ಕೊಡಬೇಕಾಯಿತು. ಜನ ಕೂಗಿದ್ದಕ್ಕೇ ಅದು ಆದದ್ದು. ಸಿಟ್ಟು ಮಾಡ್ಕೊಬೇಡಿ ಅನ್ನೋದು ಕಂಪನಿಗೆ ಅನುಕೂಲವಾಗುವ ಮಾತು.

ರಾಕೆಟ್ ಕಟ್ಟಿ ಹಾರಿಸುವ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂ 2 ನೋಡಿ. 2023ರ ಫೆಬ್ರವರಿ 24ಕ್ಕೆ 50 ಡಾಲರಿಗೆ ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ತಿಯಾಗುವ ಮುಂಚೆಯೇ ಮಾರಾಟಕ್ಕೆ ಬಂತು. ರಾಕೆಟ್ಟು ರಬ್ಬರಿನ ಹಾಗೆ ಬಳುಕುತ್ತಿತ್ತು, ವಿಜ್ಞಾನದ ಹಂತಗಳು ಬಂದದ್ದು ಡಿಸೆಂಬರ್‌ನಲ್ಲಿ. ಬೇರೆ ನಕ್ಷತ್ರಕ್ಕೆ ಹೋಗೋದು, ವಸಾಹತು ಕಟ್ಟೋದು, ಮಲ್ಟಿಪ್ಲೇಯರ್ ಎಲ್ಲ ಮುನ್ನೋಟದ ಪಟ್ಟಿಯಲ್ಲೇ ಉಳಿಯಿತು, 2024ರಲ್ಲಿ ಸ್ಟುಡಿಯೋನೇ ಮುಚ್ಚಿತು. ಪಟ್ಟಿ ನಂಬಿ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಅರ್ಧ ಆಟ.

ಹಳೇ ಮೇಯರ್

@ಕಕ್ಷೆ, ನಿಮ್ಮ ಮಾತಿನ ಅರ್ಧಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮುಂದೆ ಬರಲಿರುವುದರ ಪಟ್ಟಿ ನೋಡಿ ಯಾರೂ ಯಾವ ಆಟವನ್ನೂ ಕೊಳ್ಳಬಾರದು. ಈ ಆಟದಲ್ಲೇ ನೋಡಿ: ಬಿಡುಗಡೆಯಲ್ಲಿ ಸೈಕಲ್ ಇರಲಿಲ್ಲ, ಮಾಡ್ ಮಾಡುವ ಸಲಕರಣೆ ಇರಲಿಲ್ಲ. ಕೋಡ್ ಮಾಡ್ ಮತ್ತು ಮ್ಯಾಪ್ ಎಡಿಟರ್ ಬೀಟಾ 2024ರ ಮಾರ್ಚ್‌ನಲ್ಲಿ ಬಂತು. ಜನ ತಾವೇ ಕಟ್ಟಡ ಮಾಡಿ ಸೇರಿಸುವ ಅಸೆಟ್ ಎಡಿಟರ್‌ಗೆ ಮಾತ್ರ ಅದಾದ ಮೇಲೂ ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ಮೊದಲ ಆಟ ಅಷ್ಟು ಕಾಲ ಬದುಕಿದ್ದೇ ಸ್ಟೀಮ್ ವರ್ಕ್‌ಶಾಪಿನಲ್ಲಿ ಜನ ಮಾಡಿ ಹಂಚಿದ ಕಟ್ಟಡಗಳಿಂದ. ಆ ಬಾಗಿಲನ್ನು ಮುಚ್ಚಿಟ್ಟುಕೊಂಡು ಎರಡನೆಯದನ್ನು ಬಿಟ್ಟದ್ದು, ನನ್ನ ಪ್ರಕಾರ, ಹಲ್ಲು ದಿಮ್ಮಿಗಳಿಗಿಂತ ದೊಡ್ಡ ತಪ್ಪು. ಫ್ರಾನ್ಸ್, ಜಪಾನ್ ಮುಂತಾದ ಶೈಲಿಯ ಉಚಿತ ರೀಜನ್ ಪ್ಯಾಕ್‌ಗಳು ಬಂದ ಮೇಲೆಯೇ ಊರುಗಳ ಮುಖಚರ್ಯೆ ಬೇರೆ ಬೇರೆ ಆಗತೊಡಗಿದ್ದು.

ಆದರೆ ಸಿಟ್ಟಿನಲ್ಲೂ ಎರಡು ಬಗೆ. ದಿಮ್ಮಿ ರಾಶಿಯ ವರ್ಟೆಕ್ಸ್ ಎಣಿಸಿ ತೋರಿಸಿದ್ದೂ ಸಿಟ್ಟಿನಿಂದಲೇ, ಸಬ್ಸಿಡಿ ಸಾಲನ್ನು ಬಯಲು ಮಾಡಿದ್ದೂ ಸಿಟ್ಟಿನಿಂದಲೇ. ಅವುಗಳಿಗೆ ತಂಡ ಉತ್ತರ ಕೊಡಬೇಕಾಯಿತು. ಕೋಡ್ ಬರೆಯುವ ಒಬ್ಬೊಬ್ಬರನ್ನು ಹುಡುಕಿ ಬೈದವರೂ ಇದ್ದರು. ಅದರಿಂದ ಆದದ್ದು ಒಂದೇ, ಅಭಿಮಾನಿಗಳ ಜೊತೆ ನೇರ ಮಾತಾಡುತ್ತಿದ್ದವರು ಮಾತು ಕಡಿಮೆ ಮಾಡಿದರು.

ಊರು ಕಟ್ಟುವ ಇನ್ನೊಂದು ಆಟ ಸಿಮ್‌ಸಿಟಿ ನೆನಪಿಸಿಕೊಳ್ಳಿ. 2013ರ ಮಾರ್ಚ್‌ನಲ್ಲಿ ಸದಾ ಆನ್‌ಲೈನ್ ಇರಲೇಬೇಕು ಅನ್ನೋ ಷರತ್ತಿನ ಜೊತೆ ಬಂತು, ಸರ್ವರ್ ಮಲಗಿತು, ಊರಿನ ಜಾಗ ಅಂಗೈಯಗಲ. ಆಫ್‌ಲೈನ್ ಆಟ ಕೊಡೋದಕ್ಕೆ ಒಂದು ವರ್ಷ ಹಿಡಿಯಿತು. ಆ ನಿರಾಸೆಯಲ್ಲಿದ್ದ ಜನವೇ 2015ರಲ್ಲಿ ಸಿಟೀಸ್ ಸ್ಕೈಲೈನ್ಸ್‌ಗೆ ಬಂದು ಅದನ್ನು ಗೆಲ್ಲಿಸಿದ್ದು. ಅವರಿಗೆ ಏನು ಬೇಕು ಅನ್ನೋದು ಸ್ಪಷ್ಟವಾಗಿತ್ತು: ದೊಡ್ಡ ನಕ್ಷೆ, ಆಫ್‌ಲೈನ್, ಮಾಡ್.

ಕಕ್ಷೆ

ವ್ಯಕ್ತಿಗಳನ್ನು ಬೈಯೋದು ತಪ್ಪು, ಅದರಲ್ಲಿ ವಾದ ಇಲ್ಲ. ರಿವ್ಯೂನಲ್ಲಿ ಮಾತ್ರ ಕೆಂಪು ಗುರುತು (ಆಟ ಬೇಡ ಅಂತ) ಕೊಡಲೇಬೇಕು. ಹಣ ವಾಪಸ್ ದಾರಿಯನ್ನೂ ಬಳಸಬೇಕು. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಬರುತ್ತದೆ. ಈ ಆಟಕ್ಕೆ ಆ 2 ಗಂಟೆ ಮೋಸದ್ದು, ಯಾಕಂದ್ರೆ ಖಾಲಿ ನಕ್ಷೆಯಲ್ಲಿ ಎಲ್ಲರಿಗೂ ಚೆನ್ನಾಗಿಯೇ ಓಡುತ್ತದೆ. ಹಾಗಾಗಿ ಸಣ್ಣ ಊರು ಕಟ್ಟುತ್ತಾ ಸಮಯ ಕಳೆಯಬೇಡಿ. ಹೊಸ ಆಟ ಶುರು ಮಾಡುವಾಗ ಅನಿಯಮಿತ ಹಣ ಮತ್ತು ಎಲ್ಲ ಅನ್‌ಲಾಕ್ ಆಯ್ಕೆ ಮಾಡಿ, ದೊಡ್ಡ ದೊಡ್ಡ ಜೋನ್ ಹರಡಿ, ವೇಗ 3ಕ್ಕೆ ಹಾಕಿ. ಜನಸಂಖ್ಯೆ ಏರುತ್ತಾ ಹೋದ ಹಾಗೆ ನಿಮ್ಮ ಯಂತ್ರ ಎಲ್ಲಿ ಏದುಸಿರು ಬಿಡುತ್ತದೆ ಅನ್ನೋದು ಆ ಅವಧಿಯೊಳಗೇ ಗೊತ್ತಾಗುತ್ತದೆ.

ಪಿಕ್ಸೆಲ್ ಪರೀಕ್ಷಕ

ಇದು ಒಳ್ಳೆಯ ಸಲಹೆ. ಅಂದ ಹಾಗೆ ರಿವ್ಯೂ ಬರೆಯುವಾಗ ಪ್ಯಾಚ್ ಸಂಖ್ಯೆ, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಜನಸಂಖ್ಯೆ ಈ ನಾಲ್ಕನ್ನು ಸೇರಿಸಿ. "ಲ್ಯಾಗ್ ಆಗ್ತಿದೆ" ಅನ್ನೋ ವಾಕ್ಯದಿಂದ ಓದುವವರಿಗೆ ಏನೂ ತಿಳಿಯೋದಿಲ್ಲ.

ಮಾಡ್ ಮೇಸ್ತ್ರಿ

ವಾಪಸ್ ಬರುವವರಿಗೆ ನನ್ನ ಕಡೆಯಿಂದ. ಪ್ಯಾಚ್ ಬಂದ ಮರುದಿನ ಬರುವ "ಆಟ ಕ್ರ್ಯಾಶ್", "ಮೆನು ಕಾಣ್ತಿಲ್ಲ" ಅನ್ನೋ ದೂರುಗಳಲ್ಲಿ ಬಹಳಷ್ಟು ಹಳೆಯ ಮಾಡ್‌ಗಳಿಂದ ಆಗುವವು. ಇದನ್ನು ಮೂಲ ಆಟದ ಲೆಕ್ಕಕ್ಕೆ ಬರೆಯೋದು ನ್ಯಾಯವಲ್ಲ.

ಮೊದಲು ಸೇವ್ ಕಾಪಿ ಮಾಡಿ. ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ, ಅದರೊಳಗೆ ಲೋಕಲ್‌ಲೋ, ಕೊಲೊಸಲ್ ಆರ್ಡರ್, ಸಿಟೀಸ್ ಸ್ಕೈಲೈನ್ಸ್ 2, ಸೇವ್ಸ್ ಅಂತ ಹೋಗಬೇಕು. ಪ್ರತಿ ಊರಿಗೆ ಒಂದು ದೊಡ್ಡ ಸಿಒಕೆ ಫೈಲ್, ಅದರ ಜೊತೆ ಅದೇ ಹೆಸರಿನ ಪುಟಾಣಿ ಸಿಐಡಿ ಫೈಲ್ ಇರುತ್ತದೆ. ಎರಡನ್ನೂ ಕಾಪಿ ಮಾಡಿ. ಚಿಕ್ಕದನ್ನು ಬಿಟ್ಟು ದೊಡ್ಡದನ್ನಷ್ಟೇ ಎತ್ತಿಟ್ಟರೆ ಆಮೇಲೆ ಪಟ್ಟಿಯಲ್ಲಿ ಊರು ಕಾಣದೆ ಪರದಾಡಬೇಕಾಗುತ್ತದೆ.

ಆಮೇಲೆ ಆಟದ ಮಾಡ್ ಅಂಗಳ ಪ್ಯಾರಡಾಕ್ಸ್ ಮಾಡ್ಸ್‌ನಲ್ಲಿ ಖಾಲಿ ಪ್ಲೇಸೆಟ್ (ಒಟ್ಟಿಗೆ ಹಾಕುವ ಮಾಡ್‌ಗಳ ಪಟ್ಟಿ) ಒಂದು ಮಾಡಿ, ಅದರಲ್ಲಿ ಹೊಸ ನಕ್ಷೆ ತೆರೆದು ನೋಡಿ. ಅದು ಸರಿ ಓಡಿದರೆ ಆಟ ಸರಿಯಿದೆ. ಹಳೆಯ ಪ್ಲೇಸೆಟ್‌ನ ಅರ್ಧ ಮಾಡ್ ಹಾಕಿ. ತೊಂದರೆ ಬಂದರೆ ಆ ಅರ್ಧದಲ್ಲೇ ಕಳ್ಳ ಇದ್ದಾನೆ, ಬರದಿದ್ದರೆ ಇನ್ನರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ 64 ಮಾಡ್ ಇದ್ದರೂ ಆರು ಸುತ್ತಿಗೆ ಒಂದಕ್ಕೆ ಬಂದು ನಿಲ್ಲುತ್ತೀರಿ. ಸ್ಕೈವ್ ಅನ್ನೋ ಮ್ಯಾನೇಜರ್ ಹಾಕಿಕೊಂಡರೆ ಕೆಟ್ಟಿದೆ ಅಂತ ಈಗಾಗಲೇ ಗುರುತಿಸಿರುವ ಮಾಡ್‌ಗಳನ್ನು ಅದೇ ತೋರಿಸುತ್ತದೆ. ಬೇರೆ ಮಾಡ್ ನಂಬಿಕೊಂಡಿರುವ ಮಾಡ್ ಇದ್ದರೆ ಎರಡನ್ನೂ ಒಂದೇ ಗುಂಪಿನಲ್ಲಿಡಿ, ಇಲ್ಲದಿದ್ದರೆ ಪರೀಕ್ಷೆ ದಾರಿ ತಪ್ಪುತ್ತದೆ.

ಖಾಲಿ ಪ್ಲೇಸೆಟ್‌ನಲ್ಲೂ ಕೆಟ್ಟರೆ ಅದು ನಿಜವಾದ ದೋಷ, ಆಗ ದೂರು ಬರೆಯಿರಿ. ಆ್ಯಪ್‌ಡೇಟಾದ ಅದೇ ಸಿಟೀಸ್ ಸ್ಕೈಲೈನ್ಸ್ 2 ಫೋಲ್ಡರ್‌ನಲ್ಲಿ ಪ್ಲೇಯರ್ ಲಾಗ್ ಅನ್ನೋ ಫೈಲ್ ಇದೆ. ಕ್ರ್ಯಾಶ್ ಆದ ಮೇಲೆ ಆಟವನ್ನು ಮತ್ತೆ ತೆರೆಯುವ ಮುಂಚೆಯೇ ಅದನ್ನು ಎತ್ತಿಡಿ, ತೆರೆದರೆ ಹೊಸ ಲಾಗ್ ಅದರ ಜಾಗಕ್ಕೆ ಬರುತ್ತದೆ. ಏನು ಮಾಡಿದಾಗ ಆಯಿತು, ಮತ್ತೆ ಮಾಡಿದರೆ ಮತ್ತೆ ಆಗುತ್ತದಾ, ಯಾವ ಪ್ಯಾಚ್, ಸೇವ್ ಫೈಲ್ ಜೊತೆಗೆ. ಇಷ್ಟಿದ್ದರೆ ಆಟ ಯಾವ ಸ್ಟುಡಿಯೋ ಕೈಯಲ್ಲಿದ್ದರೂ ಸರಿಪಡಿಸುವವರಿಗೆ ಹಿಡಿಯೋದಕ್ಕೆ ಒಂದು ತುದಿ ಸಿಗುತ್ತದೆ.

ರಿಂಗ್‌ರೋಡ್

ಒಂದು ಸೇರ್ಪಡೆ. ಎಕಾನಮಿ 2.0 ಆದ ಮೇಲೆ ಮನೆಯಿಲ್ಲದವರು ಪಾರ್ಕುಗಳಲ್ಲಿ ಗುಂಪುಗೂಡಿ, ದಾರಿ ಹುಡುಕುವ ಲೆಕ್ಕ ಬೆಳೆದು ಇಡೀ ಊರು ನಿಧಾನವಾಗುವ ತೊಂದರೆ ಇತ್ತು. ಆ ಕಾಲದ ಸೇವ್ ತೆರೆಯುವವರು ಜನಸಂಖ್ಯೆಯ ವಿವರದಲ್ಲಿ ಮನೆಯಿಲ್ಲದವರ ಸಂಖ್ಯೆ ಮೊದಲು ನೋಡಿ. ತೀರಾ ದೊಡ್ಡದಿದ್ದರೆ ಕಡಿಮೆ ಬಾಡಿಗೆಯ ವಸತಿ ಜೋನ್ ಒಂದಷ್ಟು ಹಾಕಿ, ಕೆಲವು ತಿಂಗಳು ಓಡಲು ಬಿಟ್ಟು ಆಮೇಲೆ ಉಳಿದ ರಿಪೇರಿಗೆ ಕೈ ಹಾಕಿ.

ಹೊಸ ನಕ್ಷೆ

ಕೊನೇ ಪ್ರಶ್ನೆ. ಇಷ್ಟೆಲ್ಲ ಓದಿದ ಮೇಲೆ, ಇಂದು ಶುರು ಮಾಡುವವರು ಮೊದಲನೆಯದು ಕೊಳ್ಳಬೇಕಾ, ಎರಡನೆಯದಾ?

ಹಳೇ ಮೇಯರ್

ಯಂತ್ರ ಹಳೆಯದಾಗಿದ್ದರೆ ಮೊದಲನೆಯದು. ನಿರ್ದಿಷ್ಟ ಶೈಲಿಯ ಕಟ್ಟಡ, ಹಳೆಯ ರೈಲು, ವಿಮಾನ ನಿಲ್ದಾಣದ ವಿವರ ಇಂಥದ್ದೇ ಮುಖ್ಯ ಅನ್ನುವವರಿಗೂ ಮೊದಲನೆಯದೇ, ವರ್ಕ್‌ಶಾಪಿನಲ್ಲಿ ಇರುವಷ್ಟು ಎರಡನೆಯದಕ್ಕೆ ಇನ್ನೂ ಇಲ್ಲ. ಮೂಲ ಆಟವಷ್ಟೇ ತಗೊಳ್ಳಿ, ಎಕ್ಸ್‌ಪಾನ್ಶನ್‌ಗಳನ್ನು ರಿಯಾಯಿತಿ ಬಂದಾಗ ಒಂದೊಂದಾಗಿ.

ರಸ್ತೆ ಎಳೆಯೋದೇ ಇಷ್ಟ, ನೆಲದ ಏರಿಳಿತಕ್ಕೆ ಹೊಂದಿಕೊಂಡ ಇಂಟರ್‌ಚೇಂಜ್ ಕಟ್ಟಬೇಕು, ದೊಡ್ಡ ನಕ್ಷೆ ಬೇಕು ಅಂದರೆ ಎರಡನೆಯದು. ರಸ್ತೆ ಸಲಕರಣೆಗಳು ಬಿಡುಗಡೆಯ ದಿನದಿಂದಲೂ ಚೆನ್ನಾಗಿವೆ, ಭೂಮಿ 441 ಟೈಲುಗಳವರೆಗೆ ಕೊಳ್ಳಬಹುದು. ಅದನ್ನೂ ಮೂಲ ಆಟವಷ್ಟೇ, ರಿಯಾಯಿತಿಯಲ್ಲಿ. ಹೊಸ ಸ್ಟುಡಿಯೋ ಮುಂದೆ ಏನು ಕೊಡುತ್ತದೆ ಅನ್ನೋದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೇಲೆ @ಕಕ್ಷೆ ಹೇಳಿದ 2 ಗಂಟೆಯ ಪರೀಕ್ಷೆ ಮಾಡಿ, ನಿಮ್ಮ ಯಂತ್ರದಲ್ಲಿ ನಿಮಗೆ ಬೇಕಾದ ಗಾತ್ರದ ಊರು ಓಡದಿದ್ದರೆ ಅವತ್ತೇ ವಾಪಸ್ ಕೊಡಿ.